ಒಂಬತ್ತನೇ ಗೂಟದ ಕೋಟು

ಉಪ್ಪು ಹಾಕಿದ ಬಿಸಿನೀರನ್ನು ಗಂಟಲಲ್ಲಿ ಗೊಳಗೊಳ ಅನ್ನಿಸಿ ಉಗುಳುವುದಕ್ಕೆ ಅವನದೇ ಒಂದು ಕ್ರಮವಿತ್ತು: ಹನ್ನೆರಡು ಸಲ. ಹತ್ತಕ್ಕೆ ನಿಲ್ಲಿಸಿದರೆ ಏನೋ ಉಳಿದುಹೋದಂತೆ, ಹದಿನೈದಕ್ಕೆ ಹೋದರೆ ಗಂಟಲು ಕೆರೆಯುತ್ತದೆ. ಈ ಚಳಿಗಾಲ ಶುರುವಾದಾಗಿನಿಂದ ಒಂದು ದಿನವೂ ತಪ್ಪಿಸಿರಲಿಲ್ಲ. ಬಚ್ಚಲಿನ ಸಣ್ಣ ಕಿಟಕಿಯ ಗಾಜು ಒಳಗಿನಿಂದ ಬೆವೆತಿತ್ತು. ಏಳನೆಯ ಸಲ ಉಗುಳಿ ಕನ್ನಡಿ ನೋಡಿಕೊಂಡ. ಐವತ್ತೆರಡು ವರ್ಷದ ಮುಖ, ಕೆನ್ನೆ ತುಂಬಿಕೊಂಡಿದೆ, ಮೂಗು ಮೂಗಿನ ಬಣ್ಣದಲ್ಲೇ ಇದೆ. ಹೋದ ವರ್ಷ ಇಷ್ಟು ಹೊತ್ತಿಗೆ ಅದು ಕೆಂಪಗೆ ಊದಿಕೊಂಡಿತ್ತು. ಈ ವರ್ಷ ಒಂದು ಸೀನೂ ಇಲ್ಲ. ಕುತ್ತಿಗೆಗೆ ಮಫ್ಲರು, ಕಾಲಿಗೆ ಎರಡೆರಡು ಜೊತೆ ಕಾಲುಚೀಲ, ಮಲಗುವ ಮುಂಚೆ ಅಂಗಾಲಿಗೆ ಮುಲಾಮು, ಬೆಳಿಗ್ಗೆ ಬಿಸಿಲಿದ್ದರೆ ಬಿಸಿಲಲ್ಲಿ, ಇಲ್ಲದಿದ್ದರೆ ಬಿಸಿಲು ಬರಬೇಕಾದ ಜಾಗದಲ್ಲಿ ಹತ್ತು ನಿಮಿಷ ನಿಲ್ಲುವುದು. ಇವರ ಹತ್ತಿರ ಬರಬೇಕಾದರೆ ನೆಗಡಿ ಮೊದಲು ಅರ್ಜಿ ಹಾಕಿಕೊಳ್ಳಬೇಕು ಎಂದು ಪಕ್ಕದ ಮನೆಯ ದರ್ಜಿ ತಮಾಷೆ ಮಾಡುತ್ತಿದ್ದ. ಅವನೂ ನಗುತ್ತಿದ್ದ. ಒಂದು ನೆಗಡಿಯಿಂದ ಏನೇನಾಯಿತು ಎಂಬುದು ಅವನೊಬ್ಬನಿಗೆ ಗೊತ್ತಿತ್ತು, ಹಾಗೆಂದು ಅವನು ತಿಳಿದುಕೊಂಡಿದ್ದ. ತಪ್ಪೆಲ್ಲ ನೆಗಡಿಯದೇ ಎಂಬಂತೆ ಅದನ್ನು ಹೊಸ್ತಿಲು ದಾಟಲು ಬಿಡದೆ ಒಂದು ವರ್ಷ ಕಳೆದಿದ್ದ. ಎಂಟು. ಒಂಬತ್ತು. ಒಂಬತ್ತಕ್ಕೆ ಬಂದಾಗ ಪ್ರತಿ ದಿನವೂ ನೀರು ಗಂಟಲಲ್ಲಿ ಒಂದು ಕ್ಷಣ ನಿಲ್ಲುತ್ತಿತ್ತು.

ಅಡುಗೆಮನೆಯಲ್ಲಿ ಹೆಂಡತಿ ತನ್ನ ತಮ್ಮನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಮುಲಾಮು ಹಚ್ಚುತ್ತಿದ್ದಳು. ಭಾವಮೈದುನ ಎರಡು ಬೀದಿಯಾಚೆ ಒಬ್ಬನೇ ಇರುತ್ತಾನೆ; ದಿನವೂ ಬೆಳಿಗ್ಗೆ ಅಕ್ಕನ ಮನೆಗೆ ಬಂದು ಚಹಾ ಕುಡಿದು ಭಾವನ ಜೊತೆಗೇ ಕೆಲಸಕ್ಕೆ ಹೊರಡುವುದು ಅವನ ರೂಢಿ. ನಲವತ್ತರ ಗಂಡಸು, ಅಗಲವಾದ ಹೆಗಲು. ಬಲಗೈಯ ಮಧ್ಯದ ಬೆರಳು, ಉಂಗುರದ ಬೆರಳು, ಕಿರುಬೆರಳು ಮೂರೂ ಮೇಲಿನ ಗೆಣ್ಣಿನಿಂದ ಆಚೆಗಿಲ್ಲ. ತುದಿಯ ಚರ್ಮ ನುಣ್ಣಗೆ, ಗುಲಾಬಿ ಬಣ್ಣಕ್ಕೆ ಹೊಳೆಯುತ್ತದೆ, ಚಳಿಗೆ ಸೀಳುತ್ತದೆ. ಅಕ್ಕ ಒಂದೊಂದಕ್ಕೂ ಸುತ್ತಿ ಸುತ್ತಿ ಹಚ್ಚುತ್ತ ಬಾಯಿಗೂ ಕೆಲಸ ಕೊಟ್ಟಿದ್ದಳು. "ಚಿಕ್ಕಂದಿನಿಂದ ಹೀಗೇ ನೀನು. ಮಳೇಲಿ ಛತ್ರಿ ಬಿಟ್ಟು ಬರೋದು, ಚಳೀಲಿ ಸ್ವೆಟರ್ ಬಿಟ್ಟು ಬರೋದು. ಅಂಥ ಜಾಗಕ್ಕೆ ಯಾರಾದ್ರೂ ಕೋಟು ಕಳಚಿಟ್ಟು ಹೋಗ್ತಾರಾ? ಮೈಮೇಲೆ ನಿಗಾ ಅನ್ನೋದೇ ಇಲ್ಲ. ಏನ್ರೀ, ನೀವೇ ಹೇಳಿ."

ಈ 'ನೀವೇ ಹೇಳಿ' ಕೂಡ ದಿನದ ಕ್ರಮವೇ. ಅವನು ಬಾಗಿಲ ಚೌಕಟ್ಟಿನಲ್ಲಿ ನಿಂತು ಮಫ್ಲರಿನ ತುದಿ ಸರಿಮಾಡಿಕೊಳ್ಳುತ್ತ, "ಹೋಗ್ಲಿ ಬಿಡು, ಎಷ್ಟು ಸಲ ಹೇಳ್ತೀಯ" ಅಂದ. ಆ ಮಾತಿನಲ್ಲಿ ದೊಡ್ಡತನವೂ ಇತ್ತು, ಕ್ಷಮೆಯೂ ಇತ್ತು. ಯಾರು ಯಾರನ್ನು ಕ್ಷಮಿಸುತ್ತಿದ್ದಾರೆ ಎನ್ನುವುದೊಂದು ಬಿಟ್ಟು ಎಲ್ಲ ಸರಿಯಾಗಿತ್ತು. ಮೈದುನ ಮುಖವೆತ್ತಲಿಲ್ಲ. "ಇವತ್ತು ಮುಲಾಮು ಬಿಸಿ ಇದೆ ಅಕ್ಕ" ಅಂದ ಅಷ್ಟೆ. ಮೇಜಿನ ಮೇಲೆ ಅವಳು ಹೆಣೆಯುತ್ತಿದ್ದ ಉಣ್ಣೆಯ ಕೈಗವಸು ಸೂಜಿಗಳ ಸಮೇತ ಬಿದ್ದಿತ್ತು, ಅದಕ್ಕೆ ಎರಡು ಬೆರಳು ಉದ್ದ, ಮೂರು ಮೊಂಡು. ಪಕ್ಕದಲ್ಲಿ ಇಸ್ತ್ರಿ ಮಾಡಿದ ಗಂಡನ ಕರವಸ್ತ್ರ. ಬಿಳಿ ಬಟ್ಟೆ, ಅಂಚಿಗೆ ಅವಳೇ ಹಾಕಿದ ಹಸಿರು ದಾರದ ಹೊಲಿಗೆ. ಇಂಥವು ಆರಿದ್ದವು, ಈಗ ಐದು. ಹೋದ ವರ್ಷ ಒಮ್ಮೆ, "ಕರವಸ್ತ್ರ ಒಂದು ಕಮ್ಮಿ ಇದೆಯಲ್ಲ" ಎಂದು ಕೇಳಿದ್ದ. "ಎಲ್ಲಿ ಬಿಟ್ರೋ, ನೆನಪು ಮಾಡ್ಕೊಳ್ಳಿ" ಅಂದಿದ್ದಳು. ಅವನು ನೆನಪು ಮಾಡಿಕೊಳ್ಳುವ ಗೋಜಿಗೆ ಹೋಗಲಿಲ್ಲ.

"ಮಧ್ಯಾಹ್ನ ಸಭೆಗೆ ನಾನೂ ಬರ್ತೀನಿ" ಎಂದಳು ಹೊರಡುವಾಗ. "ನರ್ಸಮ್ಮ ಮನೆಯವರನ್ನೂ ಕರ್ಕೊಂಡು ಬನ್ನಿ ಅಂದಿದ್ದಾರಂತೆ. ನೀವೇ ಓದೋದಂತೆ?"

"ಹೂಂ. ನನ್ನ ದನಿ ಚೆನ್ನಾಗಿದೆಯಂತೆ."

"ಇರತ್ತೆ. ಅಷ್ಟು ಜೋಪಾನ ಮಾಡ್ತೀರಲ್ಲ" ಎಂದು ಕರವಸ್ತ್ರ ಕೈಗಿಟ್ಟಳು.

ಕೆಲಸದ ಜಾಗಕ್ಕೆ ಇಪ್ಪತ್ತು ನಿಮಿಷದ ದಾರಿ. ಇಬ್ಬರೂ ಪಕ್ಕಪಕ್ಕದಲ್ಲಿ ನಡೆದರು. ಬಾಯಿಯಿಂದ ಹೊರಟ ಹಬೆ ಎರಡು ಬೇರೆ ಬೇರೆ ಮೋಡಗಳಾಗಿ ಹೋಗುತ್ತಿತ್ತು. ಹಿಂದೆ ಈ ದಾರಿ ಮಾತಿಗೆ ಸಾಲುತ್ತಿರಲಿಲ್ಲ; ಮೈದುನ ಒಂದು ಕಥೆ ಶುರು ಮಾಡಿದರೆ ಗೇಟು ಬಂದರೂ ಮುಗಿಯುತ್ತಿರಲಿಲ್ಲ. ಈಗ ಭಾವ ಮೈದುನ ಹವಾಮಾನದ ಬಗ್ಗೆ ಮಾತಾಡುತ್ತಾರೆ. ನಿನ್ನೆಗಿಂತ ಇವತ್ತು ಹೆಚ್ಚು. ಗಾಳಿ ಇಲ್ಲ, ಪುಣ್ಯ. ಜಗಳವಾಡಿದ ಇಬ್ಬರು ಹೀಗೆ ಮಾತಾಡಿದರೆ ಒಂದು ಅರ್ಥವಿದೆ, ಇವರು ಜಗಳವನ್ನೂ ಆಡಿಲ್ಲ. "ಮೇಸ್ತ್ರಿ ಕೆಲಸದ್ದು ಏನಾಯ್ತು?" ಎಂದು ಅವನು ಕೇಳಿದ, ಕೇಳಿದ ಮೇಲೆ ಕೇಳಬಾರದಿತ್ತು ಅನ್ನಿಸಿತು. "ಇವತ್ತು ಹೇಳ್ತಾರಂತೆ. ಸಭೆ ಆದ್ಮೇಲೆ" ಎಂದು ಮೈದುನ ಕೈಯನ್ನು ಜೇಬಿನೊಳಕ್ಕೆ ಇನ್ನಷ್ಟು ತಳ್ಳಿದ. "ನನಗೆ ಕೊಡಲ್ಲ ಬಿಡಿ. ಅಜಾಗ್ರತೆಯ ಮನುಷ್ಯನ ಕೈಗೆ ಇಪ್ಪತ್ತು ಜನರನ್ನ ಹೇಗೆ ಕೊಡ್ಲಿ ಅಂದ್ರಂತೆ ಮ್ಯಾನೇಜರು. ಅದೂ ಸರೀನೇ." ಸರೀನೇ ಎಂಬ ಮಾತು ಹೇಳಿ ಒಂದು ಹೆಜ್ಜೆ ಕಾದ. ಭಾವ ರಸ್ತೆಯ ಅಂಚಿನಲ್ಲಿ ಗಟ್ಟಿಯಾಗಿದ್ದ ನೀರನ್ನು ನೋಡಿ, "ಜಾರೀಯ, ನೋಡ್ಕೊಂಡು ಬಾ" ಅಂದ.

ಅದೊಂದು ಕೋಲ್ಡ್ ಸ್ಟೋರೇಜು. ಹೊರಗೆ ಎಂಥ ಚಳಿಯಿದ್ದರೂ ಒಳಗಿನ ಚಳಿ ಬೇರೆ: ಮೈನಸ್ ಇಪ್ಪತ್ತು, ವರ್ಷವಿಡೀ ಒಂದೇ. ಪೆಟ್ಟಿಗೆಗಳ ಸಾಲು ಸಾಲು ರ‍್ಯಾಕುಗಳು ತಾರಸಿಯವರೆಗೆ. ಅದರ ದಪ್ಪ ಬಾಗಿಲಿನ ಹೊರಗೆ ಒಂದು ಉದ್ದ ಓಣಿ. ಓಣಿಯಲ್ಲಿ ಒಂದು ಸ್ಟೂಲು, ಒಂದು ಮೈಕು, ಗೋಡೆಗೆ ಇಪ್ಪತ್ತನಾಲ್ಕು ಮರದ ಗೂಟ, ಗೂಟಕ್ಕೊಂದು ದಪ್ಪ ಕೋಟು, ಕೋಟಿನ ಬೆನ್ನಿಗೆ ಸಂಖ್ಯೆ. ಗೂಟಗಳ ಪಕ್ಕದಲ್ಲಿ ಹಲಗೆ. ಹಲಗೆಯಲ್ಲಿ ಮೇಲೆ 'ಹೊರಗೆ', ಕೆಳಗೆ 'ಒಳಗೆ' ಎಂದು ಎರಡು ಸಾಲು ಮೊಳೆ, ಅದಕ್ಕೆ ನೇತುಹಾಕುವ ಇಪ್ಪತ್ತನಾಲ್ಕು ಹಿತ್ತಾಳೆ ಬಿಲ್ಲೆ. ಯಾರು ಒಳಗೆ ಹೋದರೂ ಅವರ ಬಿಲ್ಲೆ ಕೆಳಗಿನ ಸಾಲಿಗೆ ಬರಬೇಕು, ಈಚೆ ಬಂದರೆ ಮೇಲಕ್ಕೆ. ಆ ಬಿಲ್ಲೆಗಳನ್ನು ಬೇರೆ ಯಾರೂ ಮುಟ್ಟುವಂತಿಲ್ಲ, ಅವನದೇ ಕೆಲಸ. ಹದಿನೇಳು ವರ್ಷದಿಂದ ಅದನ್ನೇ ಮಾಡುತ್ತಿದ್ದಾನೆ, ಎಲ್ಲರೂ ಕರೆಯುವುದೂ ಬಿಲ್ಲೆಯಪ್ಪ ಎಂದೇ. ನಲವತ್ತು ನಿಮಿಷವಾದರೆ ಮೈಕಿನಲ್ಲಿ ಕೂಗಿ ಕರೆಯುತ್ತಾನೆ. ಬಾಗಿಲಿನವನ ಬಿಲ್ಲೆ ತಪ್ಪಿದರೆ ಅವತ್ತೇ ಮನೆಗೆ, ಮಾತಿಲ್ಲ, ಅದು ಕಾಯಿದೆ. ಆದರೆ ಕಾಯಿದೆ ಬೇರೆ, ಕೈ ಬೇರೆ. ಟೊಪ್ಪಿಗೆ, ಮುಖಕ್ಕೆ ಬಟ್ಟೆ ಸುತ್ತಿಕೊಂಡು ಓಡಾಡುವ ಜನರಲ್ಲಿ ಮುಖ ನೋಡಿ ಗುರುತು ಹಿಡಿಯುವವರು ಯಾರು? ಕೋಟು ನೋಡುತ್ತಾರೆ. ಕೋಟು ಗೂಟದಲ್ಲಿದ್ದರೆ ಮನುಷ್ಯ ಹೊರಗಿದ್ದಾನೆ. ಇಲ್ಲದಿದ್ದರೆ ಒಳಗಿದ್ದಾನೆ. ಕಣ್ಣು ಗೂಟ ನೋಡುತ್ತದೆ, ಕೈ ಬಿಲ್ಲೆ ಸರಿಸುತ್ತದೆ, ನಡುವೆ ತಲೆಗೆ ಯಾರೂ ಹೇಳಿಕಳಿಸುವುದಿಲ್ಲ.

ಹತ್ತು ಗಂಟೆಗೆ ನರ್ಸಮ್ಮ ಹಾಳೆ ತಂದುಕೊಟ್ಟಳು. ವಾರಕ್ಕೆರಡು ಸಲ ಬಂದು ಮೂಲೆಯ ಕೋಣೆಯಲ್ಲಿ ಕೂತು ರಕ್ತದೊತ್ತಡ ನೋಡಿ ಮಾತ್ರೆ ಕೊಟ್ಟು ಹೋಗುವ ಹೆಂಗಸು, ಯಾರನ್ನೂ ಗದರಿಸದೆ ಬಿಡುವವಳಲ್ಲ. "ಸರಿಯಾಗಿ ನಿಲ್ಲಿಸಿ ನಿಲ್ಲಿಸಿ ಓದಬೇಕು, ಯಜಮಾನ್ರೇ. ನಾನು ಓದಿದ್ರೆ ಬೈದ ಹಾಗಿರತ್ತಂತೆ. ಮನೇಲಿ ಹೇಗೆ ಬೆಚ್ಚಗಿರಬೇಕು, ಕೆಲಸದಲ್ಲಿ ಹೇಗಿರಬೇಕು, ಎಲ್ಲ ಹತ್ತು ಮಾತಲ್ಲಿ ಬರೆದಿದೀನಿ. ಎಂಟನೇದು ಮ್ಯಾನೇಜರು ಸೇರಿಸಿದ್ದು. ಹೆಸರು ಹಾಕಿಲ್ಲ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಮನೆಯೋರೇ ಅಂತ ಗೊತ್ತು ನನಗೆ."

ಅವನು ಎಂಟನೆಯದನ್ನು ಓದಿಕೊಂಡ. 'ನಮ್ಮಲ್ಲೇ ಒಬ್ಬ ಕೆಲಸಗಾರ ಸ್ವಂತ ಅಜಾಗ್ರತೆಯಿಂದ ಕೋಟು ಕಳಚಿಟ್ಟು, ಬಾಗಿಲಿನವರಿಗೆ ತಿಳಿಸದೆ ಒಳಗೆ ಹೋಗಿ ಮೂರು ಬೆರಳು ಕಳೆದುಕೊಂಡಿದ್ದಾನೆ. ಇದು ಎಲ್ಲರಿಗೂ ಪಾಠವಾಗಲಿ.' ಅಕ್ಷರಗಳು ಸ್ವಲ್ಪ ಓರೆಯಾಗಿದ್ದವು. "ಎಷ್ಟು ಪ್ರತಿ ಮಾಡಿಸಿದ್ದೀರಿ?" ಎಂದು ಕೇಳಿದ. ಬೇರೆ ಏನು ಕೇಳಬೇಕೋ ತೋಚಲಿಲ್ಲ. "ಇನ್ನೂರು. ಅಲ್ಲಿ ಚೀಟಿ ಮೇಜಿನಲ್ಲಿ ಮಡಚ್ತಾ ಇದಾರೆ" ಎಂದು ನರ್ಸಮ್ಮ ಹೊರಟುಹೋದಳು. ಚೀಟಿ ಮೇಜು ಎಂದರೆ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಜಾಗ. ಆಸ್ಪತ್ರೆಯಿಂದ ಬಂದ ಮೇಲೆ ಮೈದುನನನ್ನು ಕೂರಿಸಿರುವುದು ಅಲ್ಲಿ. ಓಣಿಯ ತುದಿಯ ಗಾಜಿನಾಚೆ ಅವನ ಬೆನ್ನು ಕಾಣುತ್ತಿತ್ತು. ಎಡಗೈಯಿಂದ ಹಾಳೆ ಎಳೆದು, ಮೊಂಡು ಬೆರಳುಗಳಿಂದ ಒತ್ತಿ ಹಿಡಿದು, ಹೆಬ್ಬೆರಳಿನಿಂದ ಮಡಿಕೆ ತೀಡಿ, ಪಕ್ಕಕ್ಕಿಟ್ಟು, ಇನ್ನೊಂದು ಎಳೆಯುತ್ತಿದ್ದ. ಇನ್ನೂರು ಸಲ. ಮಡಚುವವನು ಓದಿಯೇ ಇರುತ್ತಾನೆ. ಬಿಲ್ಲೆಯಪ್ಪ ಹಲಗೆಯಿಂದ ಒಂದು ಗುಂಡುಪಿನ್ನು ಕಿತ್ತು ತನ್ನ ಹೆಬ್ಬೆರಳಿನ ತುದಿಗೆ ಚುಚ್ಚಿ ನೋಡಿಕೊಂಡ. ಈಚೆಗೆ ಅದೊಂದು ಚಟವಾಗಿತ್ತು. ಚುಚ್ಚಿದ್ದು ಗೊತ್ತಾಯಿತು, ಆದರೆ ಪಕ್ಕದ ಕೋಣೆಯಲ್ಲಿ ಯಾರಿಗೋ ಚುಚ್ಚಿದ ಹಾಗೆ. ಒಂದು ಹನಿ ರಕ್ತ ಬಂತು, ಅದನ್ನು ಕರವಸ್ತ್ರಕ್ಕೆ ಒರೆಸಬಾರದೆಂದು ಬಾಯಲ್ಲಿಟ್ಟು ಚೀಪಿಕೊಂಡ.

ಹೋದ ವರ್ಷ ಅವತ್ತು ಮೂಗು ಕಟ್ಟಿ, ಕಣ್ಣು ಉರಿದು, ಮೈ ನಡುಗುತ್ತಿತ್ತು. ಅವನ ಸ್ವಂತ ಕೋಟಿನ ಜಿಪ್ಪು ಹೋಗಿತ್ತು, ರಿಪೇರಿಗೆ ಕೊಟ್ಟಿದ್ದ. ಸ್ಟೂಲಿನ ಮೇಲೆ ಮುದುರಿ ಕೂತವನ ಹೆಗಲ ಮೇಲೆ ಒಂದು ಭಾರ ಬಿತ್ತು, ಬೆಚ್ಚಗಿತ್ತು, ಇನ್ನೊಬ್ಬರ ಮೈಯ ಬಿಸಿ. "ಹಾಕ್ಕೊಳ್ಳಿ ಭಾವ. ಕೊನೇ ರ‍್ಯಾಕಲ್ಲಿ ಎರಡು ಪೆಟ್ಟಿಗೆ ನಂಬರ್ ನೋಡ್ಕೊಂಡು ಬಂದ್ಬಿಡ್ತೀನಿ. ಐದು ನಿಮಿಷ, ಸ್ವೆಟರ್ ಇದೆ." ಬೇಡ ಅನ್ನಬೇಕಿತ್ತು. ಅನ್ನಲಿಲ್ಲ, ಕೋಟಿನ ಕಾಲರಿನೊಳಗೆ ಮುಖ ಹುದುಗಿಸಿದಾಗ ಹಾಯೆನಿಸಿತ್ತು. ಎದ್ದು ಒಂಬತ್ತನೇ ಬಿಲ್ಲೆ ಕೆಳಗಿನ ಸಾಲಿಗೆ ಹಾಕಿದ. ಅದನ್ನಂತೂ ಹಾಕಿದ, ಅದು ಚೆನ್ನಾಗಿ ನೆನಪಿದೆ, ಆ ನೆನಪನ್ನು ಒಂದು ವರ್ಷದಲ್ಲಿ ಎಷ್ಟು ಸಲ ತೆಗೆದು ನೋಡಿದ್ದಾನೋ. ಆಮೇಲೆ ಪಾಳಿ ಬದಲಾಗುವ ಗಂಟೆ ಹೊಡೆಯಿತು. ಡಾಕ್ಟರು ಮೂರಕ್ಕೆ ಬಾಗಿಲು ಹಾಕುತ್ತಾರೆ, ಓಡಿದರೆ ಸಿಗಬಹುದು. ಅವನು ಎದ್ದ, ಕೋಟು ಕಳಚಿದ, ಬೆನ್ನ ಮೇಲಿನ ಸಂಖ್ಯೆ ನೋಡಿ ಒಂಬತ್ತನೇ ಗೂಟಕ್ಕೆ ನೇತುಹಾಕಿದ. ಗೂಟದಲ್ಲಿ ಕೋಟು. ಕೈ ಹಲಗೆಯ ಕಡೆ ಹೋಯಿತು, ಒಂಬತ್ತನೇ ಬಿಲ್ಲೆಯನ್ನು ಮೇಲಕ್ಕೆ ಹಾಕಿತು. ಪಾಳಿ ಪುಸ್ತಕದಲ್ಲಿ 'ಒಳಗೆ ಯಾರೂ ಇಲ್ಲ' ಎಂದು ಬರೆದು ಸಹಿ ಮಾಡಿದ. ಮಧ್ಯಾಹ್ನದ ಪಾಳಿಯವನು ಓಣಿಯ ಆ ತುದಿಯಿಂದ ಬರುತ್ತಿದ್ದ, ಅವನಿಗೆ ಕೈಬೀಸಿ ಇವನು ಈ ತುದಿಯಿಂದ ಹೊರಟ. ಅವನು ಬಂದು ಹಲಗೆ ನೋಡಿ, ದೀಪ ಆರಿಸಿ, ಬಾಗಿಲು ಎಳೆದು, ಫ್ಯಾನುಗಳನ್ನು ಜೋರಿಗೆ ಹಾಕಿದ. ಒಳಗಿನ ಹಿಡಿ ಮಂಜು ಕಟ್ಟಿ ಸಿಕ್ಕಿಕೊಂಡಿತ್ತು. ಯಾರೋ ಕೇಳಿಸಿಕೊಂಡು ತೆರೆಯುವವರೆಗೆ, ಐವತ್ತು ನಿಮಿಷ ಮೈದುನ ಆ ಕಬ್ಬಿಣದ ಬಾಗಿಲನ್ನು ತೆಳು ಕೈಗವಸಿನ ಕೈಯಿಂದ ಬಡಿದ. ಆ ಹೊತ್ತಿಗೆ ಇವನು ಡಾಕ್ಟರ ಎದುರಿಗೆ ಬಾಯಿ ಆ ಮಾಡಿಕೊಂಡು ಕೂತಿದ್ದ. "ಬೆಚ್ಚಗಿರಿ, ಇನ್ನೇನಿಲ್ಲ" ಎಂದಿದ್ದರು ಡಾಕ್ಟರು.

ಆಸ್ಪತ್ರೆಯಲ್ಲಿ ಮ್ಯಾನೇಜರು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಬರೆದುಕೊಂಡರು. ಮೈದುನನ ಎರಡೂ ಕೈ ಬಿಳಿ ಬಟ್ಟೆಯ ಗಂಟಾಗಿದ್ದವು. "ನಾನೇ ಕೋಟು ಕಳಚಿಟ್ಟು ಹೋದೆ ಸರ್. ಭಾವನಿಗೆ ಹೇಳ್ದೇ ಹೋದೆ. ಬಿಲ್ಲೆ ಹೊರಗೇ ಇತ್ತು. ಅವರದ್ದೇನೂ ಇಲ್ಲ." ಹೇಳಿ ಮುಗಿಸಿ ಭಾವನ ಕಡೆ ನೋಡಿದ. ಬಿಲ್ಲೆಯಪ್ಪ ಬಿಸಿನೀರಿನ ಫ್ಲಾಸ್ಕು ಹಿಡಿದು ನಿಂತಿದ್ದ. ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿಮಾಡಿದ, ಆಗಲೇ ಬಿಗಿಯಾಗಿದ್ದುದನ್ನು ಇನ್ನೊಮ್ಮೆ ಬಿಗಿಮಾಡಿದ. ನಾಳೆ ಹೇಳಿದರಾಯಿತು ಅಂದುಕೊಂಡ. ಆ ನಾಳೆ ಬೆರಳು ತೆಗೆದರು. ಅಂಥ ದಿನ ಹೇಗೆ ಹೇಳುವುದು. ಆಮೇಲೆ ಗಾಯ ಒಣಗಲಿ ಅಂದುಕೊಂಡ. ಗಾಯ ಒಣಗಿತು. ವಸಂತ ಬಂತು, ಚಳಿಯ ಮಾತೇ ಅಸಂಬದ್ಧವಾಯಿತು. ಪಾಪಪ್ರಜ್ಞೆ ಇದ್ದರೆ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ ಎನ್ನುತ್ತಾರೆ. ಅವನಿಗೆ ನಿದ್ದೆ ಬರುತ್ತಿತ್ತು, ಊಟ ಸೇರುತ್ತಿತ್ತು, ಎರಡು ಕಿಲೋ ತೂಕವೂ ಏರಿತ್ತು. ಅದಕ್ಕೇ ಅವನಿಗೆ ತನ್ನ ಬಗ್ಗೆ ಒಂದು ಥರದ ಹೇಸಿಗೆ, ಅದೂ ಜೋರಾಗಿ ಅಲ್ಲ, ದೂರದಲ್ಲಿ ಎಲ್ಲೋ ರೇಡಿಯೋ ಹಚ್ಚಿಟ್ಟ ಹಾಗೆ.

ಎರಡು ಗಂಟೆಗೆ ಪ್ಯಾಕಿಂಗ್ ಹಾಲಿನಲ್ಲಿ ಬೆಂಚುಗಳನ್ನು ಸಾಲಾಗಿ ಹಾಕಿದರು. ಮೂಲೆಗಳಲ್ಲಿ ಎರಡು ಹೀಟರು ಗುಂಯ್‌ಗುಡುತ್ತಿದ್ದವು. ಕೆಲಸಗಾರರು, ಅವರ ಮನೆಯವರು, ಮುಂದಿನ ಸಾಲಿನ ತುದಿಗೆ ಮ್ಯಾನೇಜರು. ಮೈದುನ ಮುಂದಿನ ಸಾಲಿನಲ್ಲೇ ಕೂತಿದ್ದ, ಮೊಣಕಾಲ ಮೇಲೆ ಮಡಚಿದ ಹಾಳೆ. ಹೆಂಡತಿ ನಾಲ್ಕನೆಯ ಸಾಲಿನಲ್ಲಿ ಹೆಂಗಸರ ನಡುವೆ ಚೀಲ ತಬ್ಬಿಕೊಂಡು ಕೂತಿದ್ದಳು. ನರ್ಸಮ್ಮ ಎಲ್ಲರಿಗೂ ಒಂದು ಸುತ್ತು ಗದರಿ, "ಈಗ ಕೇಳಿಸ್ಕೊಳ್ಳಿ" ಎಂದು ಮೈಕು ಅವನ ಮುಂದೆ ಸರಿಸಿದಳು.

ಅವನು ಓದಿದ. ಒಂದು: ಚಳಿಯೆಂದು ನೀರು ಕುಡಿಯುವುದನ್ನು ಬಿಡಬೇಡಿ. ಎರಡು: ಒಂದು ದಪ್ಪ ಬಟ್ಟೆಗಿಂತ ಎರಡು ತೆಳು ಬಟ್ಟೆ ಮೇಲು. ಮೂರು: ಕೋಣೆಯಲ್ಲಿ ಬೆಂಕಿಯಿಟ್ಟುಕೊಂಡು ಕಿಟಕಿ ಪೂರ್ತಿ ಮುಚ್ಚಬೇಡಿ. ದನಿ ಹಾಲಿನ ತುದಿಗೆ ಮುಟ್ಟಿ ಚೆನ್ನಾಗಿ ಹಿಂದಕ್ಕೆ ಬರುತ್ತಿತ್ತು. ಯಾರೋ ಮೆಚ್ಚಿ ತಲೆದೂಗಿದರು. ನಾಲ್ಕನೆಯದು ಕೈ ತೊಳೆಯುವುದರ ಬಗ್ಗೆ, ಐದನೆಯದು ವಯಸ್ಸಾದವರ ಬಗ್ಗೆ, ಆರನೆಯದು ಒದ್ದೆ ಕಾಲುಚೀಲದ ಬಗ್ಗೆ. ಏಳನ್ನು ಓದುವಾಗ ಕಣ್ಣು ಆಗಲೇ ಕೆಳಗಿನ ಸಾಲಿಗೆ ಇಳಿದಿತ್ತು. ಏಳು ಮುಗಿಯಿತು. ಅವನು "ಒಂಬತ್ತು" ಅಂದ.

"ಎಂಟನೇದು ಬಿಟ್ರಿ ಭಾವ" ಎಂದು ಮೈದುನ ಕೂತಲ್ಲಿಂದಲೇ ಹೇಳಿದ. ಮೆಲ್ಲಗೆ, ಬಸ್ಸಿನಲ್ಲಿ ಯಾರೋ ಬಿಟ್ಟ ಛತ್ರಿಯನ್ನು ತೋರಿಸುವ ಹಾಗೆ. "ಓದಿ. ಪರವಾಗಿಲ್ಲ."

ಮ್ಯಾನೇಜರು ಹಾಳೆ ನೋಡಿಕೊಂಡು, "ಹೌದು, ಅದು ಮುಖ್ಯ" ಅಂದರು. ಬಿಲ್ಲೆಯಪ್ಪ ಎಂಟನೆಯದನ್ನು ಓದಿದ. ನರ್ಸಮ್ಮ ಹೇಳಿದ್ದ ಹಾಗೆಯೇ ನಿಲ್ಲಿಸಿ ನಿಲ್ಲಿಸಿ ಓದಿದ. 'ಸ್ವಂತ ಅಜಾಗ್ರತೆಯಿಂದ' ಎಂಬಲ್ಲಿ ದನಿ ನಡುಗಬಹುದೆಂದು ಕಾದ, ನಡುಗಲಿಲ್ಲ. 'ಬಾಗಿಲಿನವರಿಗೆ ತಿಳಿಸದೆ' ಎಂಬುದೂ ಸಲೀಸಾಗಿ ಹೋಯಿತು. ತಲೆಗಳು ಮುಂದಿನ ಸಾಲಿನ ಕಡೆ ಬಾಗಿ, ನೋಡಿ, ನೆಟ್ಟಗಾದವು. ಮೈದುನ ಬಲಗೈಯನ್ನು ಎಡಗೈ ಕೆಳಗಿಟ್ಟುಕೊಂಡ. ಇದೆಲ್ಲ ಬಿಲ್ಲೆಯಪ್ಪನಿಗೆ ದಪ್ಪ ಗಾಜಿನಾಚೆ ನಡೆದ ಹಾಗೆ ಕಂಡಿತು. ಓದಿ ಮುಗಿಸಿದ ಮೇಲೆ ಕೆಮ್ಮು ಬಂತು. ಇಡೀ ಚಳಿಗಾಲದ ಮೊದಲ ಕೆಮ್ಮು. ಒಂದು ಬಂದು ಇನ್ನೊಂದನ್ನು ಎಳೆದುಕೊಂಡು ಬಂದು, ಮೈಕಿನೊಳಗೆ ಹೊಕ್ಕು ಹಾಲೆಲ್ಲ ಕೆಮ್ಮಿತು. ಜೇಬು ತಡಕಿದ. ಬೆಳಗಿನ ಕರವಸ್ತ್ರ ಓಣಿಯ ಸ್ಟೂಲಿನ ಮೇಲೆ ಉಳಿದಿತ್ತು.

ಹೆಂಡತಿ ಎದ್ದು ಬಂದಳು. ಸಾಲುಗಳ ನಡುವೆ ಅವಸರವಿಲ್ಲದೆ ನಡೆದು ಬಂದು, ಚೀಲದೊಳಗೆ ಕೈಹಾಕಿ, ನಾಲ್ಕು ಮಡಿಕೆ ಮಾಡಿದ ಒಂದು ಕರವಸ್ತ್ರ ತೆಗೆದು ಅವನ ಕೈಗೆ ಕೊಟ್ಟಳು. ಬಿಳಿ ಬಟ್ಟೆ, ಹಸಿರು ದಾರದ ಅಂಚು. ಅವನು ಬಾಯಿ ಒತ್ತಿ ಹಿಡಿದುಕೊಂಡ. ಬೇರೆ ಐದರ ಅಂಚು ತೊಳೆದು ತೊಳೆದು ಮಾಸಿದೆ. ಇದರದು ಹೊಸದಾಗಿತ್ತು, ಒಂದು ವರ್ಷ ಯಾರೂ ಬಳಸದೆ ಎತ್ತಿಟ್ಟ ಹಾಗೆ.

"ನಿಮ್ದೇ" ಎಂದಳು ಅವನಿಗೆ ಮಾತ್ರ ಕೇಳಿಸುವಷ್ಟು. "ಅವನ ಕೋಟು ಒಗೆಯೋಕೆ ಮನೆಗೆ ಬಂತಲ್ಲ, ಅವತ್ತು ಜೇಬಲ್ಲಿತ್ತು."

ವಾಪಸು ಹೋಗಿ ನಾಲ್ಕನೆಯ ಸಾಲಿನಲ್ಲಿ ಕೂರಲಿಲ್ಲ. ಮುಂದಿನ ಸಾಲಿನಲ್ಲಿ ತಮ್ಮನ ಪಕ್ಕ ಕೂತಳು.

ಆಗ ಅವನಿಗೆ ಬೆಳಗುಗಳೆಲ್ಲ ಒಟ್ಟಿಗೆ ನೆನಪಾದವು. ಮುಲಾಮಿನ ಡಬ್ಬಿ, ಅವಳ ಮಡಿಲಲ್ಲಿ ಆ ಕೈ, ಚಿಕ್ಕಂದಿನಿಂದ ಹೀಗೇ ನೀನು, ಯಾರಾದ್ರೂ ಕೋಟು ಕಳಚಿಟ್ಟು ಹೋಗ್ತಾರಾ, ಏನ್ರೀ ನೀವೇ ಹೇಳಿ. ಅವಳು ತಮ್ಮನನ್ನು ಬೈಯುತ್ತಿದ್ದಾಳೆ ಅಂದುಕೊಂಡು ಅವನು ಬಾಗಿಲಲ್ಲಿ ನಿಂತು ದೊಡ್ಡಮನಸ್ಸು ತೋರಿಸುತ್ತಿದ್ದ. ನೀವೇ ಹೇಳಿ, ನೀವೇ ಹೇಳಿ ಎಂದು ಒಂದು ವರ್ಷ ದಿನಾ ಬೆಳಿಗ್ಗೆ ಕೇಳಿದ್ದಳು. ಅವನಿಗೆ ನಾಚಿಕೆಯಾಯಿತು. ದುಃಖ ಇನ್ನೂ ಬಂದಿರಲಿಲ್ಲ, ನಾಚಿಕೆ ಮಾತ್ರ, ತುಂಬಿದ ಸಭೆಯಲ್ಲಿ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದು ಗೊತ್ತಾದಷ್ಟೇ ನಾಚಿಕೆ. ಇಷ್ಟೆಲ್ಲಕ್ಕೂ ಇಷ್ಟು ಸಣ್ಣ ನಾಚಿಕೆ ಸಾಕೇ ಎಂದೂ ಅನ್ನಿಸಿತು.

"ಎಂಟನೇದು ತಪ್ಪಿದೆ" ಎಂದ ಮೈಕಿನಲ್ಲಿ.

ನರ್ಸಮ್ಮ ಹಾಳೆ ತಿರುವಿದಳು. "ಏನ್ ತಪ್ಪಿದೆ?"

"ಬರೆದಿದ್ದೆಲ್ಲ ತಪ್ಪು" ಅಂದ. ಬೇರೆ ದನಿ ಅವನಲ್ಲಿರಲಿಲ್ಲ. ನಲವತ್ತು ನಿಮಿಷವಾಯಿತು ಈಚೆ ಬನ್ನಿ ಎಂದು ಕೂಗುವ ದನಿಯಲ್ಲೇ ಹೇಳಿದ. "ಕೋಟು ಒಂಬತ್ತು, ನನ್ನ ಮೈಮೇಲಿತ್ತು. ನನಗೆ ನೆಗಡಿಯಾಗಿತ್ತು, ಅವನು ಹೊದಿಸಿ ಹೋದ. ಹೇಳಿಯೇ ಹೋದ. ಬಿಲ್ಲೆ ಒಳಗೆ ಹಾಕಿದ್ದೂ ನಾನೇ. ಆಮೇಲೆ ಕೋಟು ಗೂಟಕ್ಕೆ ಹಾಕಿದೆ. ಕೋಟು ನೋಡಿ ಬಿಲ್ಲೆ ಹೊರಗಿಟ್ಟೆ. ಯಾರೂ ಇಲ್ಲ ಅಂತ ಸಹಿ ಮಾಡಿ ಡಾಕ್ಟರ ಹತ್ರ ಹೋದೆ. ಅಜಾಗ್ರತೆ ಅವನದ್ದಲ್ಲ."

ಮಧ್ಯಾಹ್ನದ ಪಾಳಿಯವನು ಹಿಂದಿನ ಗೋಡೆಗೆ ಒರಗಿದ್ದವನು ನೆಟ್ಟಗೆ ನಿಂತ. ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ, "ನಾಳೆ ಇದನ್ನ ಬರೆದುಕೊಡಿ. ಬಿಲ್ಲೆ ಹಲಗೆ ಹತ್ರ ಇನ್ನು ಹೋಗಬೇಡಿ" ಅಂದರು. ಕಾಯಿದೆ ಅಷ್ಟು ಬೇಗ ಜಾರಿಯಾಯಿತು. ಹದಿನೇಳು ವರ್ಷ ಎಂದು ಅವನು ಮನಸ್ಸಿನಲ್ಲಿ ಹೇಳಿಕೊಂಡ, ಅದೂ ಪಕ್ಕದ ಕೋಣೆಯ ಮಾತಾಗಿ ಕೇಳಿಸಿತು. ಅವನು ನೋಡುತ್ತಿದ್ದುದು ಮೈದುನನನ್ನು. ಮೈದುನ ಈಗ ಎದ್ದು, ಅದೆಲ್ಲ ಯಾಕೀಗ ಭಾವ ಅನ್ನಬಹುದು, ತಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಅರ್ಥವೇ ಇಲ್ಲದ ಹಾಗೆ ಮಾಡಿಬಿಟ್ಟಿರಿ ಅನ್ನಬಹುದು, ಅಳಬಹುದು. ಯಾವುದಾದರೂ ಆಗಲಿ ಎಂದು ಅವನು ಕಾದ.

ಮೈದುನ ಕೂತೇ ಇದ್ದ. ಮುಖ ಕೆಂಪಾಗಿತ್ತು. "ನಾನು ಆಸ್ಪತ್ರೇಲಿ ಹೇಳಿದ್ದು ಆ ಹೊತ್ತಿಗೆ ಮಾತ್ರ ಭಾವ" ಎಂದ. "ಅವರು ನಿಮ್ಮನ್ನ ಅಲ್ಲೇ ಕೆಲಸದಿಂದ ತೆಗೆದುಬಿಡ್ತಾರೆ ಅಂತ ಬಾಯಿಗೆ ಬಂದದ್ದು ಹೇಳ್ದೆ. ಸಂಜೆ ನೀವೇ ಹೋಗಿ ಹೇಳ್ತೀರಿ ಅಂದ್ಕೊಂಡಿದ್ದೆ."

ಅಷ್ಟೇ. ಸಂಜೆ ಎಂದುಕೊಂಡಿದ್ದ ಅವನು. ಮಂಚದಿಂದ ತನ್ನ ಕಡೆ ನೋಡಿದ್ದು ಅದಕ್ಕೆ. ಅವತ್ತಿನ ಸಂಜೆ ಬಿಲ್ಲೆಯಪ್ಪ ಆವಿ ತೆಗೆದುಕೊಂಡು, ಮಾತ್ರೆ ನುಂಗಿ, ಎರಡು ಹೊದಿಕೆ ಹೊದ್ದು ಏಳು ಗಂಟೆಗೇ ಮಲಗಿದ್ದ. ಚೆನ್ನಾಗಿ ಬೆವೆತು ಮರುದಿನ ಹಗುರಾಗಿ ಎದ್ದಿದ್ದ. ಸಂಜೆಗಳು ಮುನ್ನೂರ ಅರವತ್ತಕ್ಕೂ ಹೆಚ್ಚು ಆಗಿಹೋಗಿದ್ದವು. ಪಿನ್ನು ಚುಚ್ಚಿದ ಹೆಬ್ಬೆರಳಿನಲ್ಲಿ ಏನೋ ಮಿಡಿಯಿತು. ಬೆಳಗಿನಿಂದ ತೆಪ್ಪಗಿದ್ದ ಗಾಯ ಈಗ ಉರಿಯತೊಡಗಿತು, ಸಣ್ಣಗೆ, ಆದರೆ ಅವನದೇ ಕೈಯಲ್ಲಿ.

"ಇನ್ನೂ ಎರಡಿವೆ" ಎಂದಳು ನರ್ಸಮ್ಮ. ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ. ಏನು ಮಾಡಬೇಕೆಂದು ಅವಳಿಗೂ ತಿಳಿದಿರಲಿಲ್ಲ.

ಅವನು ಹಾಳೆ ಎತ್ತಿಕೊಂಡ. "ಒಂಬತ್ತು. ಮರಗಟ್ಟಿದ ಕೈಕಾಲನ್ನು ಉಜ್ಜಬೇಡಿ. ಬೆಂಕಿಗೆ ಹಿಡಿಯಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿಡಿ. ಜೀವ ಮರಳುವಾಗ ನೋವಾಗುತ್ತದೆ." ಅಲ್ಲಿಗೆ ದನಿ ನಿಂತಿತು. ಇನ್ನೊಂದು ವಾಕ್ಯವಿತ್ತು, ಕಾಣುತ್ತಲೂ ಇತ್ತು. ಬಾಯಿ ತೆರೆದರೆ ಹವೆ ಮಾತ್ರ ಬಂತು. ಹದಿನೇಳು ವರ್ಷ ದಪ್ಪ ಬಾಗಿಲಿನಾಚೆಗೂ ಮುಟ್ಟುತ್ತಿದ್ದ ದನಿ ಕೈಕೊಟ್ಟಿತು. ಅವನು ಮೈಕು ಹಿಡಿದುಕೊಂಡು ನಿಂತ. ಹೆಂಡತಿ ಅವನನ್ನು ನೋಡುತ್ತಿದ್ದಳು, ಆದರೆ ಈ ಸಲ ಎದ್ದು ಬರಲಿಲ್ಲ.

ಮುಂದಿನ ಸಾಲಿನಲ್ಲಿ ಕಾಗದದ ಸದ್ದಾಯಿತು. ಮೈದುನ ಮಡಚಿದ ಹಾಳೆಯನ್ನು ಮೊಣಕಾಲ ಮೇಲೆ ಬಿಡಿಸಿ, ಮೊಂಡು ಬೆರಳುಗಳಿಂದ ಒತ್ತಿ ಹಿಡಿದು, ಸಾಲು ಹುಡುಕಿ, ತಲೆಯೆತ್ತದೆ ಓದಿದ.

"ಆಗ ಕೈ ಹೊರಗೆ ತೆಗೆಯಬೇಡಿ."